ಕುದುರೆಗೆ ಕವಚ, ಜೇಬಿಗೆ ಕತ್ತರಿ

ಪೂರ್ತಿ ದುಡ್ಡು ಕೊಟ್ಟು ತಗೊಂಡ ಆಟದ ಒಳಗೆ ಮತ್ತೊಂದು ಅಂಗಡಿ ಇರಬಾರದು. ನನ್ನ ತಕರಾರು ಇಷ್ಟೇ. ಹೇಳೋಕೆ ಒಂದೇ ಸಾಲು. ಆದರೆ ಈ ಸಿಟ್ಟು ಒಂದು ಸಾಲಿಗೆ ತೀರುವಂಥದ್ದಲ್ಲ.

ಫೋನಿನಲ್ಲಿ ಪುಕ್ಕಟೆ ಸಿಗುವ ಆಟಗಳ ಮಾತು ಬೇರೆ. ಅಲ್ಲಿ ಒಳಗೆ ಹೋಗೋಕೆ ಒಂದು ಪೈಸೆ ಕೊಟ್ಟಿರುವುದಿಲ್ಲ. ಒಳಗೆ ಏನಾದರೂ ಮಾರಿಕೊಳ್ಳಲಿ ಬಿಡಿ, ಅವರದ್ದೂ ಹೊಟ್ಟೆಪಾಡು. ನಾನು ಹೇಳುತ್ತಿರುವುದು ಟಿವಿಗೆ ಜೋಡಿಸಿ ಆಡುವ ಸೋನಿಯ ಪಿಎಸ್5ಗೋ ಕಂಪ್ಯೂಟರಿಗೋ ಬರುವ ದೊಡ್ಡ ಆಟಗಳ ವಿಷಯ. 2020ರಲ್ಲಿ ಪಿಎಸ್5 ಬಂದಾಗ ಅಮೆರಿಕದಲ್ಲಿ ಇಂಥ ಆಟದ ಬೆಲೆ 60 ಡಾಲರಿನಿಂದ 70ಕ್ಕೆ ಹತ್ತಿತು. ನಮ್ಮಲ್ಲಿ ಸೋನಿಯವರು 4,999 ರೂಪಾಯಿ ಅಂತ ಬರೆದರು. ಐದು ಸಾವಿರ ಅಂತ ಬರೆಯಲಿಲ್ಲ, ಅಷ್ಟರ ಮಟ್ಟಿಗೆ ದಯೆ ಇದೆ. ಮದುವೆಯಾದ ಮನುಷ್ಯ ಈ ಮೊತ್ತವನ್ನು ಆಟಕ್ಕೆ ಅಂತ ಖರ್ಚು ಮಾಡಬೇಕಾದರೆ ಮನೆಯಲ್ಲಿ ಎಷ್ಟು ದಿನ ಮುಂಚಿನಿಂದ ಪೀಠಿಕೆ ಹಾಕಬೇಕು ಅನ್ನೋದು ಅನುಭವಿಗಳಿಗೆ ಗೊತ್ತು.

ಸರಿ, ತಗೊಂಡಾಯಿತು. ನೂರು ಜಿಬಿ ಡೌನ್‌ಲೋಡ್ ಆಗೋಕೆ ರಾತ್ರಿಯೆಲ್ಲಾ ಬಿಟ್ಟಾಯಿತು. ಬೆಳಿಗ್ಗೆ ಆಟ ಶುರು ಮಾಡಿದರೆ ಮೆನು ಬರುತ್ತದೆ. ಹೊಸ ಆಟ, ಸೆಟ್ಟಿಂಗ್ಸ್, ಇವೆರಡರ ನಡುವೆ ಸ್ಟೋರ್. ಆ ಸ್ಟೋರ್ ಅನ್ನೋ ಅಕ್ಷರಗಳ ಬಲಗಡೆ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ. ಸಾಸಿವೆಯಷ್ಟೇ ದೊಡ್ಡದು. ನೋಡಬಾರದು ಅಂತ ಎಷ್ಟೇ ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದು ಹೋಗಬೇಕಾದರೆ ಒಳಗೆ ಹೋಗಿ ಒಂದು ಸುತ್ತು ಹಾಕಿಕೊಂಡು ಬರಬೇಕು. ಅಲ್ಲೂ ಟ್ಯಾಬುಗಳು, ಪ್ರತಿ ಟ್ಯಾಬಿಗೂ ಅದರದ್ದೇ ಚುಕ್ಕೆ. ಎಲ್ಲವನ್ನೂ ಒಂದೊಂದಾಗಿ ಒತ್ತಿ, ಹೊಳೆಯುವ ಭರ್ಜಿ, ನೇರಳೆ ಬಣ್ಣದ ಮೇಲಂಗಿ ಎಲ್ಲಾ ನೋಡಿ ಹೊರಗೆ ಬಂದರೆ ಚುಕ್ಕೆ ಮಾಯ. ಗುರುವಾರ ಹೊಸ ಮಾಲು ಬರುತ್ತದೆ. ಚುಕ್ಕೆ ವಾಪಸ್.

ಚುಕ್ಕೆ ಅಂದಾಗ ನೆನಪಾಯಿತು. 2019ರಲ್ಲಿ ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 4’ ಆಟದಲ್ಲಿ ಬಂದೂಕಿನ ಗುರಿಗಾಜಿನ ನಡುವೆ ಕಾಣುವ ಕೆಂಪು ಚುಕ್ಕೆಯನ್ನೇ ಸುಮಾರು ಎರಡು ಡಾಲರಿಗೆ ಮಾರಾಟಕ್ಕಿಟ್ಟಿದ್ದರು. ಆಟ 60 ಡಾಲರ್. ಚುಕ್ಕೆ ಬೇರೆ.

ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅನ್ನೋ ಮಾತು ನನಗೂ ಇಷ್ಟವಿಲ್ಲ. ಅದನ್ನು ಹೇಳುವವರು ಸಾಮಾನ್ಯವಾಗಿ ಪೆಟ್ರೋಲ್ ರೇಟಿನಿಂದ ಶುರು ಮಾಡಿ ಸೊಸೆಯಂದಿರ ತನಕ ಹೋಗುತ್ತಾರೆ. ಆದರೂ ಇಲ್ಲಿ ಹೇಳಲೇಬೇಕು. ಟಿವಿಗೆ ಚುಚ್ಚಿ ಆಡುವ ಕ್ಯಾಸೆಟ್ ಗೇಮ್ ಇತ್ತಲ್ಲ, ಅದರಲ್ಲಿ ‘ಕಾಂಟ್ರಾ’ ಆಡದವರು ಯಾರು? ಮೂರೇ ಜೀವ. ಎರಡನೇ ಹಂತ ದಾಟೋಕೆ ಮುಂಚೆ ಮೂರೂ ಖಾಲಿ. ಆಗ ಪಕ್ಕದ ಬೀದಿಯ ಯಾವನೋ ಒಬ್ಬ ಗುಟ್ಟು ಹೇಳಿಕೊಡುತ್ತಿದ್ದ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮೂರು ಇದ್ದ ಜೀವ ಮೂವತ್ತಾಗುತ್ತಿತ್ತು. ಈ ಗುಟ್ಟು ಮೊದಲು ಬಂದದ್ದು ಕೊನಾಮಿ ಕಂಪನಿಯ ‘ಗ್ರೇಡಿಯಸ್’ ಆಟದಲ್ಲಿ, 1986ರಲ್ಲಿ. ಅದನ್ನು ಸೇರಿಸಿದವರು ಕಝುಹಿಸಾ ಹಶಿಮೊಟೊ. ಪರೀಕ್ಷೆ ಮಾಡೋಕೆ ಅಂತ ಆಡಿದರೆ ಆಟ ಅವರಿಗೇ ಕಷ್ಟವಾಯಿತಂತೆ. ಅದಕ್ಕೇ ತಮ್ಮ ಅನುಕೂಲಕ್ಕೆ ಒಂದು ಕಳ್ಳದಾರಿ ಇಟ್ಟುಕೊಂಡರು. ಅದು ಹಾಗೇ ಉಳಿದು ನಮ್ಮ ಬೀದಿಯ ತನಕ ಬಂತು, ಒಂದು ರೂಪಾಯಿ ಖರ್ಚಿಲ್ಲದೆ.

ಆಮೇಲೆ ಸೈಬರ್ ಕೆಫೆ ಬಂತು. ಗಂಟೆಗೆ ಇಪ್ಪತ್ತು ರೂಪಾಯಿ, ಹರಿದ ಕುರ್ಚಿ, ‘ವೈಸ್ ಸಿಟಿ’ ಆಟ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಚೀಟ್ ಕೋಡುಗಳ ಪಟ್ಟಿ. ಆಟದ ಮಧ್ಯೆ ‘ಪ್ಯಾಂಜರ್’ ಅಂತ ಟೈಪ್ ಮಾಡಿದರೆ ಕಣ್ಣೆದುರಿಗೆ ಒಂದು ಟ್ಯಾಂಕ್ ಪ್ರತ್ಯಕ್ಷ. ‘ಲೀವ್ ಮಿ ಅಲೋನ್’ ಅಂದರೆ ಬೆನ್ನಟ್ಟಿದ ಪೊಲೀಸರು ಸುಮ್ನೆ ವಾಪಸ್. ತಲೆನೋವಿನ ಮಾತ್ರೆಯ ಹೆಸರು ಟೈಪ್ ಮಾಡಿದರೆ ಆರೋಗ್ಯ ಪೂರ್ತಿ ನೂರಕ್ಕೆ ನೂರು. ಕನ್ನಡ ಮೀಡಿಯಂ ಹುಡುಗರು ಇಂಗ್ಲಿಷ್ ಸ್ಪೆಲ್ಲಿಂಗ್ ಮೊದಲು ತಪ್ಪಿಲ್ಲದೆ ಕಲಿತದ್ದು ಶಾಲೆಯಲ್ಲಲ್ಲ, ಅಲ್ಲಿ. ಕೋಡ್ ಹಾಕಿ ಆಡಿದರೆ ಮಜಾ ಹೋಗುತ್ತದೆ ಅಂತ ಕೆಲವರು ಹೇಳುತ್ತಿದ್ದರು. ಅವರು ಹಾಕುತ್ತಿರಲಿಲ್ಲ. ನಾವು ಹಾಕುತ್ತಿದ್ದೆವು. ಅಲ್ಲಿಗೆ ಮುಗಿಯಿತು. ಯಾರೂ ಬಿಲ್ ಕೊಡುತ್ತಿರಲಿಲ್ಲ.

ಈಗ ಆ ಕೊನೇ ಪುಟವನ್ನೇ ಹರಿದು ಗಾಜಿನ ಕಪಾಟಿನಲ್ಲಿಟ್ಟು ಬೆಲೆ ಚೀಟಿ ಅಂಟಿಸಿದ್ದಾರೆ. ಅದಕ್ಕೆ ಟೈಮ್ ಸೇವರ್ ಅನ್ನೋ ಮರ್ಯಾದಸ್ಥ ಹೆಸರು. 2018ರಲ್ಲಿ ಬಂದ ಯೂಬಿಸಾಫ್ಟಿನ ‘ಅಸ್ಯಾಸಿನ್ಸ್ ಕ್ರೀಡ್ ಒಡಿಸ್ಸಿ’ಯಲ್ಲಿ ಸುಮಾರು ಹತ್ತು ಡಾಲರ್ ಕೊಟ್ಟರೆ ನಿಮ್ಮ ಪಾತ್ರ ಒಂದೂವರೆ ಪಟ್ಟು ಬೇಗ ಬೆಳೆಯುತ್ತಿತ್ತು. ಸ್ವಲ್ಪ ಯೋಚಿಸಿ. ಆಟ ಆಡೋಕೆ ಅಂತ 60 ಡಾಲರ್ ಕೊಟ್ಟಿದ್ದೀರಿ. ಅದನ್ನು ಕಡಿಮೆ ಆಡೋಕೆ ಇನ್ನೂ ಹತ್ತು ಕೊಡಬೇಕು. ದುಡ್ಡು ಕೊಟ್ಟು ತಪ್ಪಿಸಿಕೊಳ್ಳುವಷ್ಟು ಬೇಸರ ಆ ಆಟದಲ್ಲಿ ಇದ್ದರೆ, ಆ ಬೇಸರವನ್ನು ಒಳಗೆ ಇಟ್ಟವರು ಯಾರು?

ಬೆಂಗಳೂರಿನಲ್ಲಿ ಗಾಡಿ ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ಲೈಓವರ್ ಇಳಿಯುವ ಕಡೆ ಟೈರಿಗೆ ಮೊಳೆ ಚುಚ್ಚಿಕೊಳ್ಳುತ್ತದೆ. ತಳ್ಳಿಕೊಂಡು ಹೋದರೆ ಇನ್ನೂರು ಅಡಿ ದೂರದಲ್ಲಿ ಪಂಕ್ಚರ್ ಅಂಗಡಿ. ಎಲ್ಲಾ ಪಂಕ್ಚರ್ ಅಂಗಡಿಯವರೂ ಮೊಳೆ ಚೆಲ್ಲುತ್ತಾರೆ ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಜನ ಪಾಪ ಪ್ರಾಮಾಣಿಕರು. ಆದರೆ ಮೊಳೆ ಚುಚ್ಚಿದ ಜಾಗಕ್ಕೂ ಅಂಗಡಿಗೂ ಇರುವ ದೂರ ನೋಡಿದಾಗ ಮನಸ್ಸಿಗೆ ಒಂದು ಅನುಮಾನ ಬಂದೇ ಬರುತ್ತದೆ.

ನನ್ನ ಜಗಳ ಇರುವುದು ಈ ಅನುಮಾನದ ಜೊತೆ. ದುಡ್ಡಿನ ಮಾತು ಆಮೇಲೆ.

2024ರ ಮಾರ್ಚ್‌ನಲ್ಲಿ ಬಂದ ‘ಡ್ರ್ಯಾಗನ್ಸ್ ಡಾಗ್ಮಾ 2’ ತಗೊಳ್ಳಿ. ಕ್ಯಾಪ್‌ಕಾಮ್ ಕಂಪನಿಯದು, ಬೆಲೆ 70 ಡಾಲರ್. ದೊಡ್ಡ ದೇಶ, ಕಾಡು, ಬೆಟ್ಟ, ಕತ್ತಲಾದರೆ ಎದುರಿಗಿದ್ದವನ ಮುಖ ಕಾಣದಂಥ ರಾತ್ರಿ. ಎಲ್ಲಿಗೆ ಹೋಗಬೇಕಾದರೂ ನಡೆಯಬೇಕು. ಒಂದು ಗುಂಡಿ ಒತ್ತಿದರೆ ಊರಿಂದೂರಿಗೆ ಹಾರುವ ಅನುಕೂಲ ಬಹಳ ಕಮ್ಮಿ. ಆಟದ ನಿರ್ದೇಶಕ ಹಿಡೆಯಾಕಿ ಇಟ್ಸುನೊ ಬಿಡುಗಡೆಗೆ ಮುಂಚೆ ಇದನ್ನು ಎದೆ ತಟ್ಟಿ ಸಮರ್ಥಿಸಿಕೊಂಡಿದ್ದರು. ಪ್ರಯಾಣ ಬೋರ್ ಅನ್ನಿಸಿದರೆ ತಪ್ಪು ಪ್ರಯಾಣದ್ದಲ್ಲ, ಆಟವೇ ಬೋರಾಗಿದೆ ಅಂತ ಅರ್ಥ ಅನ್ನೋದು ಅವರ ವಾದ. ನನಗೆ ಈ ಮಾತು ಬಹಳ ಹಿಡಿಸಿತ್ತು. ದಾರಿಯಲ್ಲಿ ಏನಾದರೂ ಆಗುತ್ತಿದ್ದರೆ ನಡೆಯೋಕೆ ಯಾರಿಗೆ ಬೇಸರ?

ಆಟ ಬಿಡುಗಡೆಯಾದ ದಿನ ನೋಡಿದರೆ ಅಂಗಡಿಯೂ ತೆರೆದಿದೆ. ಒಳಗೆ ಏನು ಮಾರುತ್ತಿದ್ದಾರೆ? ಹಾರಿ ಹೋಗೋಕೆ ಬೇಕಾದ ಸ್ಫಟಿಕ. ಸತ್ತವರನ್ನು ಬದುಕಿಸುವ ಕಲ್ಲು. ಪಾತ್ರದ ಮುಖ ಬದಲಿಸಿಕೊಳ್ಳೋಕೆ ಒಂದು ಪುಸ್ತಕ. ಮೂಗು ಸ್ವಲ್ಪ ಉದ್ದವಾಯಿತು ಅನ್ನಿಸಿದರೆ ಅದಕ್ಕೂ ಖರ್ಚು. ಜನ ರೊಚ್ಚಿಗೆದ್ದರು. ಆಟ ಮಾರುವ ಜಾಲತಾಣ ಸ್ಟೀಮಿನಲ್ಲಿ ಮೊದಲ ದಿನವೇ ಬೈಗುಳದ ಮಳೆ. ಕಂಪನಿ ಕ್ಷಮೆ ಕೇಳಿತು.

ನ್ಯಾಯವಾಗಿ ಹೇಳಬೇಕು ಅಂದರೆ, ಅಲ್ಲಿ ಮಾರುತ್ತಿದ್ದದ್ದು ಹೆಚ್ಚೂಕಡಿಮೆ ಎಲ್ಲಾ ಆಟ ಆಡುತ್ತಾ ಹೋದರೆ ದುಡ್ಡಿಲ್ಲದೆಯೂ ಸಿಗುತ್ತಿತ್ತು. ಆ ಸ್ಫಟಿಕವನ್ನು ಕಾಸು ಕೊಟ್ಟು ಒಂದಕ್ಕಿಂತ ಜಾಸ್ತಿ ಕೊಳ್ಳೋಕೂ ಆಗುತ್ತಿರಲಿಲ್ಲ. ಅಂಗಡಿ ಇದೆ ಅನ್ನೋದೇ ಗೊತ್ತಿಲ್ಲದೆ ಆಡಿ ಮುಗಿಸಬಹುದಿತ್ತು. ಬೈದವರಲ್ಲಿ ಅರ್ಧ ಜನ ಇದನ್ನು ನೋಡಲಿಲ್ಲ, ನಿಜ. ಆದರೂ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಯಾಕೆಂದರೆ ಅಂಗಡಿ ಕಂಡ ಮೇಲೆ ಅದೇ ಕಾಡುದಾರಿ ಬೇರೆ ಥರ ಕಾಣುತ್ತದೆ. ನಡೆದೂ ನಡೆದೂ ಕಾಲು ಸೋತಾಗ, ಇದು ಇಟ್ಸುನೊ ಅವರ ಕಲೆಯೋ ಅಥವಾ ಸ್ಫಟಿಕ ಮಾರುವವರ ಲೆಕ್ಕವೋ ಅಂತ ತಲೆಗೆ ಹುಳ ಬಿಟ್ಟಂತಾಗುತ್ತದೆ. ಬಹುಶಃ ಕಲೆಯೇ ಇರಬಹುದು. ಪಾಪ ಆ ಮನುಷ್ಯ ಮನಸ್ಸಿಟ್ಟು ಮಾಡಿದ ದಾರಿಗೆ ಅವರ ಕಂಪನಿಯೇ ಮೊಳೆಯ ಸಂಶಯ ತಂದಿಟ್ಟಿತು.

ಇದನ್ನು ‘ಎಲ್ಡನ್ ರಿಂಗ್’ ಜೊತೆ ಇಟ್ಟು ನೋಡಿ. 2022ರ ಆಟ. ಶುರುವಿನಲ್ಲೇ ಬಯಲಿನಲ್ಲಿ ಚಿನ್ನದ ಬಣ್ಣದ ಕವಚ ತೊಟ್ಟ ಒಬ್ಬ ಕುದುರೆ ಸವಾರ ಓಡಾಡುತ್ತಿರುತ್ತಾನೆ. ಹತ್ತಿರ ಹೋದರೆ ಒಂದೇ ಏಟಿಗೆ ನೀವು ನೆಲಕ್ಕೆ. ಮತ್ತೆ ಹೋದರೆ ಮತ್ತೆ ನೆಲಕ್ಕೆ. ಕಂಟ್ರೋಲರ್ ಗೋಡೆಗೆ ಎಸೆಯೋಣ ಅನ್ನಿಸುತ್ತದೆ, ಅದರ ರೇಟ್ ನೆನಪಾಗಿ ದಿಂಬಿನ ಮೇಲೆ ಎಸೆಯುತ್ತೇವೆ. ಆದರೆ ಅಲ್ಲಿ ಬರುವ ಸಿಟ್ಟು ನಮ್ಮ ಮೇಲೆ, ಇಲ್ಲಾ ಆ ಸವಾರನ ಮೇಲೆ. ಯಾಕೆಂದರೆ ಆ ಆಟದಲ್ಲಿ ಕಾಸು ಕೊಟ್ಟು ಕೊಳ್ಳುವ ಕತ್ತಿ ಇಲ್ಲ, ಕೆಂಪು ಚುಕ್ಕೆ ಇಲ್ಲ. ಕಷ್ಟ ಇದೆ ಅಂದರೆ ಅದು ಕಷ್ಟ, ಅಷ್ಟೇ. ಮುಂದಿನ ವರ್ಷ ಬಂದ ‘ಬಾಲ್ಡರ್ಸ್ ಗೇಟ್ 3’ ಆಟದಲ್ಲೂ ಒಳಗೆ ಅಂಗಡಿ ಇರಲಿಲ್ಲ. ಎರಡೂ ಕೋಟಿಗಟ್ಟಲೆ ಪ್ರತಿ ಮಾರಾಟವಾದವು. ಅಂಗಡಿ ಇಡದಿದ್ದರೆ ಬಾಗಿಲು ಹಾಕಬೇಕಾಗುತ್ತದೆ ಅನ್ನುವವರು ಇವನ್ನೂ ಲೆಕ್ಕಕ್ಕೆ ತಗೊಳ್ಳಬೇಕು.

ಅನುಮಾನ ಬರೀ ನಮ್ಮ ಭ್ರಮೆಯಾ? ಅಲ್ಲ. ‘ಗ್ರಾನ್ ಟುರಿಸ್ಮೊ 7’ ಕಾರ್ ರೇಸಿನ ಆಟ. 2022ರ ಮಾರ್ಚ್‌ನಲ್ಲಿ ಬಂತು. ರೇಸ್ ಗೆದ್ದರೆ ಆಟದ ದುಡ್ಡು ಸಿಗುತ್ತದೆ, ಅದರಲ್ಲಿ ಕಾರು ಕೊಳ್ಳಬೇಕು. ಅಥವಾ ನಿಜವಾದ ದುಡ್ಡು ಕೊಟ್ಟು ಆಟದ ದುಡ್ಡು ತಗೊಳ್ಳಬಹುದು. ಬಿಡುಗಡೆಯಾಗಿ ತಿಂಗಳು ತುಂಬುವ ಮುಂಚೆ ಒಂದು ಅಪ್‌ಡೇಟ್ ಬಂತು. ಕೆಲವು ರೇಸುಗಳ ಬಹುಮಾನವನ್ನು ಇಳಿಸಿದರು. ಅದರಲ್ಲಿ ಮೆಕ್‌ಲಾರೆನ್ ಎಫ್1 ಅನ್ನೋ ಕಾರಿನ ಬೆಲೆ 1 ಕೋಟಿ 85 ಲಕ್ಷ ಕ್ರೆಡಿಟ್. ಅಂಗಡಿಯಲ್ಲಿ 20 ಲಕ್ಷ ಕ್ರೆಡಿಟ್ಟಿಗೆ 20 ಡಾಲರ್. ಮಗ್ಗಿ ಬಾರದವರೂ ಲೆಕ್ಕ ಹಾಕಬಹುದು: ಒಂದು ಕಾರಿಗೆ ಹತ್ತಿರ ಹತ್ತಿರ ಇನ್ನೂರು ಡಾಲರ್. ಆಟದಂಥ ಎರಡೂವರೆ ಆಟ ಬರುತ್ತಿತ್ತು ಆ ದುಡ್ಡಿಗೆ. ಗಲಾಟೆ ಜೋರಾದ ಮೇಲೆ ಆಟದ ಹಿರಿಯ ಕಝುನೊರಿ ಯಾಮಾವುಚಿ ಕ್ಷಮೆ ಕೇಳಿ ಹತ್ತು ಲಕ್ಷ ಕ್ರೆಡಿಟ್ ಪುಕ್ಕಟೆ ಕೊಟ್ಟರು. ಬಹುಮಾನವನ್ನೂ ಏರಿಸಿದರು. ಇಲ್ಲಿ ಮೊಳೆ ಕೈಗೇ ಸಿಕ್ಕಿತು ಅನ್ನಿ.

ಇನ್ನೊಂದು ಕಡೆ ಮಾಡಿದವರೇ ಒಪ್ಪಿಕೊಂಡರು. 2017ರ ‘ಶ್ಯಾಡೋ ಆಫ್ ವಾರ್’ ಆಟದ ಸೊಗಸು ಇದ್ದದ್ದೇ ಅದರ ರಾಕ್ಷಸ ದಂಡನಾಯಕರಲ್ಲಿ. ನಿಮ್ಮನ್ನು ಒಮ್ಮೆ ಸೋಲಿಸಿದವನು ಮುಂದಿನ ಸಲ ಸಿಕ್ಕಾಗ ಅದನ್ನು ನೆನಪಿಟ್ಟುಕೊಂಡು ಆಡಿಕೊಳ್ಳುತ್ತಿದ್ದ. ಅಂಥವನನ್ನು ಬಗ್ಗಿಸಿ ನಮ್ಮ ಕಡೆ ಸೇರಿಸಿಕೊಳ್ಳುವುದರಲ್ಲಿ ಒಂದು ಸುಖವಿತ್ತು. ಅಂಗಡಿಯಲ್ಲಿ ಒಳಗೇನಿದೆ ಅಂತ ಗೊತ್ತಿಲ್ಲದ ಡಬ್ಬಿ ಕೊಂಡರೆ ಇಂಥ ದಂಡನಾಯಕರು ಸಿದ್ಧವಾಗಿ ಸಿಗುತ್ತಿದ್ದರು, ದ್ವೇಷವಿಲ್ಲ, ಕಥೆಯಿಲ್ಲ. 2018ರಲ್ಲಿ ಡಬ್ಬಿಗಳನ್ನು ಪೂರ್ತಿ ತೆಗೆದು, ಕೊಳ್ಳುವ ಅವಕಾಶ ಇದೆ ಅನ್ನೋದೇ ಆಟದ ಜೀವಕ್ಕೆ ಪೆಟ್ಟು ಕೊಟ್ಟಿತ್ತು ಅಂತ ಅವರೇ ಹೇಳಿದರು. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಡಬ್ಬಿ ಅಂದ ಮೇಲೆ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಬಿಡೋಕಾಗುತ್ತಾ? ಅದೂ 2017. ‘ಸ್ಟಾರ್ ವಾರ್ಸ್’ ಸಿನಿಮಾದ ಖಳನಾಯಕ ಡಾರ್ತ್ ವೇಡರ್ ಆಗಿ ಆಡಬೇಕು ಅಂತಲೇ ಜನ ಆ ಆಟ ತಗೊಳ್ಳುವುದು. ವೇಡರ್‌ಗೆ ಬೀಗ. ಬೀಗ ತೆಗೆಯೋಕೆ 60,000 ಕ್ರೆಡಿಟ್, ಅಂದರೆ ದಿನಗಟ್ಟಲೆ ಆಟ. ಯಾಕೆ ಹೀಗೆ ಅಂತ ಕೇಳಿದವರಿಗೆ ಆಟ ಹೊರತಂದ ಇಎ ಕಂಪನಿ ಕಡೆಯಿಂದ ಬಂದ ಉತ್ತರ: ಆಟಗಾರರಿಗೆ ಹೆಮ್ಮೆ ಮತ್ತು ಸಾಧನೆಯ ಭಾವ ಬರಲಿ ಅಂತ. ರೆಡಿಟ್ ಅನ್ನೋ ಚರ್ಚೆಯ ಜಾಲತಾಣದಲ್ಲಿ ಈ ಉತ್ತರಕ್ಕೆ 6 ಲಕ್ಷ 60 ಸಾವಿರಕ್ಕೂ ಜಾಸ್ತಿ ಡೌನ್‌ವೋಟ್, ಅಂದರೆ ಇಷ್ಟವಿಲ್ಲ ಅನ್ನೋ ಮತ, ಬಿದ್ದು ಅದು ಗಿನ್ನೆಸ್ ದಾಖಲೆಗೆ ಹೋಯಿತು. ನಿಜವಾದ ಹೆಮ್ಮೆ ಮತ್ತು ಸಾಧನೆ ಅಂದರೆ ಅದೇ. ವೇಡರ್ ಬೆಲೆ 15,000ಕ್ಕೆ ಇಳಿಯಿತು. ಬಿಡುಗಡೆಯ ಹಿಂದಿನ ದಿನ ಅಂಗಡಿಗೇ ಬಾಗಿಲು ಹಾಕಿದರು. ಮುಂದಿನ ವರ್ಷ ಬೆಲ್ಜಿಯಂನ ಜೂಜು ಆಯೋಗ, ಒಳಗೆ ಏನಿದೆ ಅಂತ ಗೊತ್ತಿಲ್ಲದೆ ದುಡ್ಡು ಕೊಟ್ಟು ತೆರೆಯುವ ಇಂಥ ಡಬ್ಬಿಗಳು ಜೂಜೇ ಸರಿ ಅಂತ ಕೆಲವು ಆಟಗಳ ಮೇಲೆ ತೀರ್ಮಾನ ಕೊಟ್ಟಿತು. 2019ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿ ಮುಂದೆ ಕೂತ ಇಎ ಪ್ರತಿನಿಧಿ ಮಾತ್ರ, ನಾವು ಇದನ್ನು ಲೂಟ್ ಬಾಕ್ಸ್ ಅನ್ನುವುದಿಲ್ಲ, ಸರ್ಪ್ರೈಸ್ ಮೆಕ್ಯಾನಿಕ್ಸ್ ಅನ್ನುತ್ತೇವೆ ಅಂದರು. ಗ್ರಹಚಾರವನ್ನೂ ಹಾಗೇ ಕರೆಯಬಹುದು.

ಈಗ ಡಬ್ಬಿ ಕಡಿಮೆಯಾಗಿ ನಾಣ್ಯ ಜಾಸ್ತಿಯಾಗಿದೆ. ನಾನು ಆಡಿದ ಒಂದು ಆಟದಲ್ಲಿ, ಹೆಸರು ಬೇಡ, ಒಂದು ಮೇಲಂಗಿಗೆ 800 ನಾಣ್ಯ. ನಾಣ್ಯದ ಪೊಟ್ಟಣ ಸಿಗುವುದು 500ರದ್ದು, ಇಲ್ಲಾ 1,100ರದ್ದು. 800ರ ಪೊಟ್ಟಣ ಇಲ್ಲವೇ ಇಲ್ಲ. ಸರಿ ಅಂತ 1,100 ತಗೊಂಡರೆ 300 ಉಳಿಯುತ್ತದೆ. 300ಕ್ಕೆ ಬರುವ ವಸ್ತು ಅಂಗಡಿಯಲ್ಲಿ ಒಂದೂ ಇಲ್ಲ. 450ಕ್ಕೆ ಒಂದು ಟೋಪಿ ಇದೆ. ನನಗೆ ಟೋಪಿ ಅಂತಲೇ ಇಟ್ಟಿದ್ದಾರೆ ಅನ್ನಿಸಿತು. ಪರದೆಯ ಬಲಮೂಲೆಯಲ್ಲಿ ಆ 300 ಇವತ್ತಿಗೂ ಮಿನುಗುತ್ತಾ ಕೂತಿದೆ. ವಾಪಸ್ ಕೊಡುವಂತಿಲ್ಲ, ಬೇರೆಯವರಿಗೆ ದಾಟಿಸುವಂತಿಲ್ಲ. ದಿನಸಿ ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂತ ಚಾಕೊಲೇಟ್ ಆದರೂ ಕೊಡುತ್ತಾರೆ.

ನನ್ನ ಈ ಗೋಳನ್ನು ಅಕ್ಕನ ಮಗನ ಹತ್ತಿರ ಹೇಳಿಕೊಂಡೆ. ಅವನು ಪಿಯುಸಿ, ಫೋನಿನಲ್ಲೇ ಬಿಜಿಎಂಐ ಅನ್ನೋ ಪುಕ್ಕಟೆ ಬಂದೂಕಿನ ಆಟ ಆಡುವವನು. ಕನಿಕರ ತೋರಿಸುತ್ತಾನೆ ಅಂದುಕೊಂಡಿದ್ದೆ.

“ಮಾಮ, ಒಂದು ಗೇಮಿಗೆ ಐದು ಸಾವಿರ ಕೊಟ್ರಾ?” ಅಂದ.

“ಹೂಂ.”

“ಫ್ರೀ ಗೇಮ್ ಎಷ್ಟೊಂದಿವೆ. ಐದು ಸಾವಿರಕ್ಕೆ ಎಷ್ಟು ಯುಸಿ ಬರುತ್ತೆ ಗೊತ್ತಾ ನಿಮ್ಗೆ?”

ಯುಸಿ ಅಂದರೆ ಆ ಆಟದ ನಾಣ್ಯ. ಎಷ್ಟು ಬರುತ್ತದೆ ಅಂತ ಗೊತ್ತಿರಲಿಲ್ಲ. ಅವನು ಫೋನ್ ತೆಗೆದು ತೋರಿಸಿದ. ಅವನ ಪಾಲಿಗೆ ಅಂಗಡಿ ವಿಚಿತ್ರವೇ ಅಲ್ಲ, ಅಂಗಡಿ ಇದ್ದೇ ಇರುತ್ತದೆ. ವಿಚಿತ್ರ ಅಂದರೆ ಬಾಗಿಲಲ್ಲೇ ದುಡ್ಡು ಕೇಳುವುದು. ಬಟ್ಟೆಬರೆ ತಾನೆ, ಬರೀ ಅಲಂಕಾರ, ತಗೊಳ್ಳದಿದ್ದರೆ ಏನಾಯಿತು ಅಂತ ಕಂಪನಿಯವರ ವಾದವನ್ನೇ ಅವನ ಮುಂದಿಟ್ಟೆ. “ಸ್ಕಿನ್ ಇಲ್ದೆ ಇಳಿದ್ರೆ ನೂಬ್ ಅಂತ ಆಡ್ಕೊಳ್ತಾರೆ ಮಾಮ” ಅಂದ. ಸ್ಕಿನ್ ಅಂದರೆ ಪಾತ್ರದ ವೇಷ, ನೂಬ್ ಅಂದರೆ ಆಟ ಬಾರದ ಎಳಸು. ಹದಿನೇಳರ ವಯಸ್ಸಿನಲ್ಲಿ ಅಲಂಕಾರಕ್ಕಿಂತ ದೊಡ್ಡ ವಿಷಯ ಯಾವುದೂ ಇರುವುದಿಲ್ಲ ಅನ್ನೋದು ಅಂಗಡಿ ಇಟ್ಟವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕಂಪನಿಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹದಿನೈದು ವರ್ಷ ಹತ್ತಿರ ಹತ್ತಿರ 60 ಡಾಲರ್ ಬೆಲೆ ಅಲುಗಾಡಲಿಲ್ಲ. ಅಷ್ಟರಲ್ಲಿ ಎಲ್ಲದರ ಬೆಲೆಯೂ ಏರಿತು. ಒಂದು ಆಟಕ್ಕೆ ನೂರಾರು ಜನ ವರ್ಷಗಟ್ಟಲೆ ದುಡಿಯುತ್ತಾರೆ, ಅವರಿಗೆಲ್ಲಾ ಸಂಬಳ ಆಗಬೇಕು. ಒಪ್ಪಿದೆ. ಅದಕ್ಕೇ 70 ಮಾಡಿದಾಗ ಗೊಣಗುತ್ತಲೇ ಕೊಟ್ಟೆವು. ಬೆಲೆ ಏರಿದ ಮೇಲಾದರೂ ಅಂಗಡಿ ಮುಚ್ಚಿತಾ? ಮುಚ್ಚುವುದು ಹೇಗೆ, ಇಎ ಅಂಥ ಕಂಪನಿಗೆ 2023ರ ಹೊತ್ತಿಗೆ ವಹಿವಾಟಿನ 70%ಗಿಂತ ಜಾಸ್ತಿ ಬರುತ್ತಿದ್ದದ್ದು ಆಟ ಮಾರಿದ ಮೇಲೆ ನಡೆಯುವ ಇಂಥ ವ್ಯಾಪಾರದಿಂದ. ಯೂಬಿಸಾಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ. ಪೂರ್ತಿ ಬೆಲೆಯ ಆಟಗಳಲ್ಲಿ ಹೀಗೆ ಮಾರುವುದರಿಂದ ಆಟಗಾರರಿಗೆ ಮಜಾ ಜಾಸ್ತಿಯಾಗುತ್ತದೆ ಅಂತ 2025ರ ವಾರ್ಷಿಕ ವರದಿಯಲ್ಲೇ ಬರೆದುಕೊಂಡಿದೆ. ಯಾರ ಮಜಾ ಅಂತ ಇನ್ನೊಮ್ಮೆ ಓದಿ ನೋಡಿದೆ. ಆಟಗಾರರದ್ದೇ ಅಂತೆ.

ಇದೆಲ್ಲಾ ಶುರುವಾದದ್ದು ಒಂದು ಕುದುರೆಯಿಂದ ಅಂತ ಹಳಬರು ಹೇಳುತ್ತಾರೆ. 2006ರ ಏಪ್ರಿಲ್‌ನಲ್ಲಿ ಬೆಥೆಸ್ಡಾ ಕಂಪನಿ ತನ್ನ ‘ಆಬ್ಲಿವಿಯನ್’ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿತು. ಆಗ ಜನ ಬಿದ್ದು ಬಿದ್ದು ನಕ್ಕರು, ಬೈದರು. ಕುದುರೆಯ ಕವಚ ಅನ್ನೋದೇ ಒಂದು ಗಾದೆಯ ಹಾಗಾಯಿತು. ನಗುತ್ತಲೇ ಬೇಕಾದಷ್ಟು ಜನ ಕೊಂಡರು. 2025ರ ಏಪ್ರಿಲ್‌ನಲ್ಲಿ ಅದೇ ಆಟಕ್ಕೆ ಹೊಸ ಬಣ್ಣ ಬಳಿದು ಮತ್ತೆ ಬಿಟ್ಟರು. ಹತ್ತು ಡಾಲರ್ ಜಾಸ್ತಿ ಕೊಟ್ಟರೆ ಡೀಲಕ್ಸ್, ಅದರಲ್ಲಿ ಏನಿದೆ ಅಂತ ನೋಡಿದರೆ ಕುದುರೆಗೆ ಹೊಸ ಕವಚಗಳು. ನಾಚಿಕೆ ಇಲ್ಲದಿದ್ದರೂ ಇವರಿಗೆ ಹಾಸ್ಯ ಗೊತ್ತು. 2006ರ ಆ ಹಳೇ ಕವಚ ಮಾತ್ರ ಈಗ ಸಾದಾ ಆಟದ ಜೊತೆಗೇ ಪುಕ್ಕಟೆ ಬರುತ್ತದೆ. ಹತ್ತೊಂಬತ್ತು ವರ್ಷ ಕಾದವರಿಗೆ ಎರಡೂವರೆ ಡಾಲರ್ ಉಳಿತಾಯ.